ಶುಶ್ರೂಷೆಯ ಮೊದಲ ಪಾಠ: ರೋಗಿಯನ್ನು ಗಮನಿಸುವುದು

ವೈದ್ಯರು ವಾರ್ಡಿಗೆ ದಿನಕ್ಕೆ ಒಂದೆರಡು ಸಲ ಬಂದು ಹೋಗುತ್ತಾರೆ. ಉಳಿದ ಹೊತ್ತು ರೋಗಿಯ ಬಳಿ ಇರುವವರು ನರ್ಸುಗಳು. ರೋಗಿಯ ಸ್ಥಿತಿ ಕೆಡತೊಡಗಿದರೆ ಅದು ಮೊದಲು ಗೊತ್ತಾಗಬೇಕಾದದ್ದೂ ಅವರಿಗೇ.

ಐದು ಹಂತಗಳು

ಶುಶ್ರೂಷೆ ಒಂದು ಕ್ರಮದಲ್ಲಿ ನಡೆಯುತ್ತದೆ: ರೋಗಿಯನ್ನು ಪರೀಕ್ಷಿಸುವುದು, ತೊಂದರೆಯನ್ನು ಗುರುತಿಸುವುದು, ಯೋಜನೆ ಹಾಕುವುದು, ಆರೈಕೆ ಮಾಡುವುದು, ಫಲ ಸಿಕ್ಕಿತೇ ಎಂದು ಮತ್ತೆ ನೋಡುವುದು. ಇದಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ನರ್ಸ್ ಐಡಾ ಜೀನ್ ಒರ್ಲ್ಯಾಂಡೊ ಮುಖ್ಯರು. ಅವರ ಪುಸ್ತಕ 1961ರಲ್ಲಿ ಬಂತು. ವೈದ್ಯರು ಕೇಸ್ ಶೀಟಿನಲ್ಲಿ ‘ನ್ಯುಮೋನಿಯಾ’ ಎಂದು ಬರೆದರೆ, ನರ್ಸ್ ತಾನು ಗುರುತಿಸಿದ ತೊಂದರೆಯಾಗಿ ಬರೆಯುವುದು ‘ಕಫ ಹೊರಹಾಕಲು ಆಗುತ್ತಿಲ್ಲ’ ಎಂದು. ರೋಗಿಯನ್ನು ಒರಗಿಸಿ ಕೂರಿಸುವುದು, ಕೆಮ್ಮುವ ವಿಧಾನ ಹೇಳಿಕೊಡುವುದು ಇವೆಲ್ಲ ಅಲ್ಲಿಂದ ಹುಟ್ಟುವ ಕೆಲಸಗಳು. ಐದನೆಯ ಹಂತವೇ ಹೆಚ್ಚಾಗಿ ತಪ್ಪಿಹೋಗುವುದು. ನೋವಿನ ಮಾತ್ರೆ ಕೊಟ್ಟದ್ದು ದಾಖಲಾಗುತ್ತದೆ, ನೋವು ಇಳಿಯಿತೇ ಎಂದು ಕೇಳಿದ್ದು ದಾಖಲಾಗುವುದಿಲ್ಲ.

ವೈಟಲ್ಸ್

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ಬಿಪಿ ಸುಮಾರು 120/80, ಜ್ವರ ಇಲ್ಲದಾಗ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಆದರೆ ಒಂದೇ ಒಂದು ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಸದಾ 160ರಲ್ಲಿ ಇರುವವರ ಬಿಪಿ 110ಕ್ಕೆ ಇಳಿದರೆ ಚಾರ್ಟಿನಲ್ಲಿ ಅದು ಸಹಜವಾಗಿಯೇ ಕಾಣುತ್ತದೆ. ರೋಗಿಗೆ ಮಾತ್ರ ಅಪಾಯ ಶುರುವಾಗಿರಬಹುದು.

ಇವುಗಳಲ್ಲಿ ಹೆಚ್ಚು ಅಸಡ್ಡೆಗೆ ಗುರಿಯಾಗಿರುವುದು ಉಸಿರು. ಬಿಪಿಗೆ ಯಂತ್ರವಿದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರಿಗೆ ಬೇಕಾದದ್ದು ಗಡಿಯಾರ ಮತ್ತು ಒಂದು ನಿಮಿಷದ ತಾಳ್ಮೆ. ಹಾಗಾಗಿಯೇ ಎಷ್ಟೋ ಚಾರ್ಟುಗಳಲ್ಲಿ ಎಲ್ಲರ ಉಸಿರೂ 18 ಅಥವಾ 20! ಎಣಿಸುತ್ತಿದ್ದೇವೆ ಎಂದು ರೋಗಿಗೆ ಹೇಳಬಾರದು, ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದ ‘ನ್ಯೂಸ್’ ಎಂಬ ಎಚ್ಚರಿಕೆಯ ಅಂಕಪದ್ಧತಿಯಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಒಟ್ಟು 7 ಆದರೆ ತುರ್ತು.

ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೂ ಮಿತಿಗಳಿವೆ. ಉಗುರುಬಣ್ಣ, ತಣ್ಣಗಾದ ಬೆರಳು ಅದನ್ನು ದಾರಿ ತಪ್ಪಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ತೀವ್ರ ರಕ್ತಹೀನತೆ ಇದ್ದರೂ 98 ಎನ್ನಬಹುದು.

ಪ್ರಜ್ಞೆಯ ಮಟ್ಟ

ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಕೊಟ್ಟ ಮಾಪಕದ ಈಗಿನ ರೂಪದಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಕನಿಷ್ಠ 3. ಮಾತಿನ ಅಂಕಕ್ಕಾಗಿ ಹೆಸರೇನು, ಇದು ಯಾವ ಜಾಗ, ಯಾವ ತಿಂಗಳು ಎಂಬ ಪ್ರಶ್ನೆಗಳನ್ನು ರೋಗಿಗೆ ಬರುವ ಭಾಷೆಯಲ್ಲೇ ಕೇಳಬೇಕು. ತುಳುವೋ ಲಂಬಾಣಿಯೋ ಮಾತ್ರ ಬಲ್ಲ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಕೇಳಿ ಅಂಕ ಕಳೆದರೆ, ಅದು ಆಕೆಯ ಮಿದುಳಿನ ದೋಷವಲ್ಲ.

ಹಾಸಿಗೆ ಹುಣ್ಣು

ಮಲಗಿದಲ್ಲೇ ಇರುವವರಿಗೆ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಸಂದಿನ ಹೊರಮೂಳೆಯ ಮೇಲೆ ರಕ್ತದ ಹರಿವು ನಿಂತು ಚರ್ಮ ಸಾಯುತ್ತದೆ. 1987ರ ಬ್ರಾಡೆನ್ ಮಾಪಕದಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಅಪಾಯವಿದೆ ಎಂದರ್ಥ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಆರಂಭವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಬಿಸಿ, ಗಡಸುತನಗಳನ್ನು ಮುಟ್ಟಿಯೇ ತಿಳಿಯಬೇಕು. ಮನೆಗಳಲ್ಲಿ ಆ ಜಾಗವನ್ನು ತಿಕ್ಕಿ ಮಾಲಿಶ್ ಮಾಡುವುದುಂಟು. ಮಾಡಬಾರದು, ಒಳಗಿನ ಗಾಯ ಹೆಚ್ಚುತ್ತದೆ.

ಮೂತ್ರದ ಲೆಕ್ಕ

ವಯಸ್ಕರಲ್ಲಿ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಕನಿಷ್ಠ ಅರ್ಧ ಮಿಲಿಲೀಟರ್ ಮೂತ್ರ ಬರಬೇಕು. ಎಂದರೆ 60 ಕಿಲೋ ತೂಗುವವರಿಗೆ ಗಂಟೆಗೆ 30 ಮಿಲಿಲೀಟರ್.

ವೈದ್ಯರಿಗೆ ತಿಳಿಸುವಾಗ

‘ಪೇಶೆಂಟ್ ಯಾಕೋ ಸರಿಯಿಲ್ಲ ಸರ್’ ಎಂದರೆ ನಡುರಾತ್ರಿಯಲ್ಲಿ ಯಾರೂ ಏಳುವುದಿಲ್ಲ. ಈಗಿನ ಸ್ಥಿತಿ, ಹಿನ್ನೆಲೆ, ಪರೀಕ್ಷೆಯಲ್ಲಿ ಕಂಡದ್ದು, ಆಗಬೇಕಾದದ್ದು, ಈ ಸರಣಿಯಲ್ಲಿ ಹೇಳುವ ರೂಢಿ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗೆ ಬಂದದ್ದು: ‘ಮೂರನೇ ಬೆಡ್‌ನವರಿಗೆ ಉಸಿರಾಟ ಜಾಸ್ತಿಯಾಗಿದೆ. ನಿನ್ನೆ ಹೊಟ್ಟೆ ಆಪರೇಶನ್ ಆಗಿದೆ. ಉಸಿರು 26, ನಾಡಿ 118, ಎರಡು ಗಂಟೆಯಿಂದ ಮೂತ್ರ ಕಡಿಮೆ. ಈಗಲೇ ಬಂದು ನೋಡಬೇಕು ಸರ್.’ ಫೋನಿನಲ್ಲಿ ಸಿಕ್ಕ ಸೂಚನೆಯನ್ನು ನರ್ಸ್ ತಿರುಗಿ ಓದಿ ಹೇಳಿ, ಗಂಟೆ ನಿಮಿಷದ ಸಮೇತ ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕುತ್ತಾರೆ.