ಐದು ತಿಂಗಳ ಹೂವಿನ ಬೆಲೆ

ಇಂಗ್ಲೆಂಡಿನಲ್ಲಿ ಮೇ ತಿಂಗಳು ಮುಗಿಯುವ ಹೊತ್ತಿಗೆ ರಾತ್ರಿಯ ಹಿಮದ ಭಯ ನೀಗುತ್ತದೆ. ಜನ ಅಂಗಡಿಗಳಿಂದ ಪೆಟೂನಿಯಾ, ಲೊಬೀಲಿಯಾ, ಸಾಲ್ವಿಯಾ, ಜಿರೇನಿಯಂ ಸಸಿಗಳನ್ನು ಕೊಂಡುತಂದು ಪಾತಿಗಳಲ್ಲಿ ನೆಡುತ್ತಾರೆ. ಅಕ್ಟೋಬರಿನ ಚಳಿ ಬರುವವರೆಗೂ ಅವು ಅರಳುತ್ತಲೇ ಇರುತ್ತವೆ. ಈ ನಾಲ್ಕರಲ್ಲಿ ಒಂದೂ ಆ ನೆಲದಲ್ಲಿ ಹುಟ್ಟಿದ್ದಲ್ಲ. ಅವು ಅಲ್ಲಿಯ ಬೇಸಿಗೆಯ ಸೊಬಗಾದ ಬಗೆಯನ್ನೂ, ಅದಕ್ಕೆ ಯಾರು ಯಾರು ದುಡಿದರೆಂಬುದನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಜಿರೇನಿಯಂ ಎಂದು ತೋಟದವರು ಕರೆಯುವ ಪೆಲಾರ್ಗೋನಿಯಂ ಮತ್ತು ಲೊಬೀಲಿಯಾ ದಕ್ಷಿಣ ಆಫ್ರಿಕದವು; ಕೆಂಪು ಸಾಲ್ವಿಯಾ ಬ್ರೆಜಿಲ್ ದೇಶದ್ದು. ನೇರಳೆ ಬಣ್ಣದ ಪೆಟೂನಿಯಾವನ್ನು ಜೇಮ್ಸ್ ಟ್ವೀಡಿ ಎಂಬ ಸ್ಕಾಟ್ಲೆಂಡಿನ ತೋಟಗಾರನು 1831ರಲ್ಲಿ ದಕ್ಷಿಣ ಅಮೆರಿಕದಿಂದ ಗ್ಲಾಸ್ಗೋ ನಗರಕ್ಕೆ ಕಳುಹಿಸಿದನು. ಅದೇ ಕಾಲದಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ತಿಂಗಳುಗಟ್ಟಲೆ ಬದುಕಬಲ್ಲವೆಂದು ಕಂಡುಕೊಂಡನು. 1833ರಲ್ಲಿ ಅಂಥ ಪೆಟ್ಟಿಗೆಗಳು ಸಿಡ್ನಿಗೆ ಸಮುದ್ರಯಾನ ಮಾಡಿದುವು. 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಯಿತು. ಗಾಜಿನ ಮನೆಗಳು ಹೆಚ್ಚಿದುವು. ಹಿಮ ತಾಳದ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡುವ ಅನುಕೂಲ ಒದಗಿತು.

ಆಗಸ್ಟ್ ತಿಂಗಳಲ್ಲಿ, ಹೂ ಇನ್ನೂ ಅರಳುತ್ತಿರುವಾಗಲೇ, ಮರುವರ್ಷದ ಸಿದ್ಧತೆ ಆರಂಭವಾಗುತ್ತಿತ್ತು. ಜಿರೇನಿಯಂ ಗಿಡದ ಮೊಗ್ಗಿಲ್ಲದ ಟಿಸಿಲನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಅಡಿಯ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಹೀಗೆ ಊರಿದ ಕಡ್ಡಿಯಲ್ಲಿ ತಾಯಿಗಿಡದ ಬಣ್ಣವೂ ಗುಣವೂ ಹಾಗೆಯೇ ಉಳಿಯುತ್ತವೆ. ಶ್ರೀಮಂತರ ತೋಟಗಳಲ್ಲಿ ಇಂಥ ಸಾವಿರಾರು ಕಡ್ಡಿಗಳು ಕಲ್ಲಿದ್ದಲಿನ ಬಿಸಿಯಲ್ಲಿ ಚಳಿಗಾಲ ಕಳೆಯುತ್ತಿದ್ದುವು. ರಾತ್ರಿಯೆಲ್ಲ ಒಲೆಯ ಬೆಂಕಿ ಕಾಯುವುದು ಕಸುಬು ಕಲಿಯಬಂದ ಹುಡುಗರ ಪಾಲಿಗೆ ಬರುತ್ತಿತ್ತು.

ದೀರ್ಘಕಾಲ ಹೂ ಬಿಡಿಸುವುದಕ್ಕೂ ಕೈಗೆಲಸವೇ ಬೇಕು. ಗಿಡ ಅರಳುವುದು ನಮ್ಮ ಕಣ್ಣಿಗಾಗಿ ಅಲ್ಲ, ಬೀಜಕ್ಕಾಗಿ. ಬೀಜ ಕಟ್ಟಿತೆಂದರೆ ಅದರ ಶಕ್ತಿಯೆಲ್ಲ ಅತ್ತ ಹರಿದು, ಹೊಸ ಮೊಗ್ಗು ಕಡಿಮೆಯಾಗುತ್ತದೆ. ಬಾಡಿದ ಹೂವನ್ನು ಬೀಜಕೋಶದ ಸಹಿತ ಚಿವುಟುತ್ತಿದ್ದರೆ ಗಿಡ ಮತ್ತೆ ಮತ್ತೆ ಮೊಗ್ಗೊಡೆಯುತ್ತದೆ.

ವಿಲಿಯಂ ರಾಬಿನ್ಸನ್ 1870ರಲ್ಲಿ ಪ್ರಕಟಿಸಿದ ‘ದಿ ವೈಲ್ಡ್ ಗಾರ್ಡನ್’ ಗ್ರಂಥದಲ್ಲಿ ಈ ಪದ್ಧತಿಯನ್ನು ವಿರೋಧಿಸಿದನು. ಆತನದು ಅಭಿರುಚಿಯ ತಕರಾರು. ಆದರೆ ದೊಡ್ಡ ತೋಟಗಳ ಈ ವೈಭವವನ್ನು ಕುಗ್ಗಿಸಿದ್ದು ಅಭಿರುಚಿಗಿಂತ ಹೆಚ್ಚಾಗಿ 1914ರ ಮಹಾಯುದ್ಧವೆಂದು ನನ್ನ ಎಣಿಕೆ. ತೋಟಗಳ ತರುಣರು ರಣರಂಗಕ್ಕೆ ನಡೆದರು. ಎಷ್ಟೋ ಮಂದಿ ಹಿಂದಿರುಗಲಿಲ್ಲ.

ಮುಂದೆ ಸಂಕರಬೀಜದ ಯುಗ ಬಂದಿತು. 1930ರ ದಶಕದಲ್ಲಿ ಜಪಾನಿನ ಸಕಾಟ ಸಂಸ್ಥೆ, ಬಿತ್ತಿದ ಸಸಿಗಳೆಲ್ಲವೂ ಸುತ್ತುದಳದ ಹೂ ಬಿಡುವಂಥ ಪೆಟೂನಿಯಾ ಬೀಜವನ್ನು ಮಾರಿತು. ಇಂಥ ಬೀಜಕ್ಕಾಗಿ ಪ್ರತಿಯೊಂದು ಮೊಗ್ಗನ್ನೂ ಬಿಡಿಸಿ, ಅದರ ಪರಾಗಕೋಶಗಳನ್ನು ತೆಗೆದು, ಬೇರೊಂದು ತಳಿಯ ಪರಾಗವನ್ನು ಸವರಬೇಕು. ಒಂದು ಗ್ರಾಂ ತೂಕಕ್ಕೆ ಸುಮಾರು 10,000 ಬೀಜಗಳು ತೂಗುತ್ತವೆ! ಈ ಕಥೆ ನಮ್ಮ ನಾಡನ್ನು ಮುಟ್ಟುವುದು ಇಲ್ಲಿಯೇ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಪೆಟೂನಿಯಾದ ಸಂಕರಬೀಜವನ್ನು ಪರದೇಶಗಳಿಗೆ ಕಳುಹಿಸಿದರು. ನಮ್ಮ ಹಿತವಾದ ಹವೆಯೂ ಕೂಲಿಗೆ ಬಂದ ಹೆಣ್ಣುಮಕ್ಕಳ ಸಹನೆಯ ಬೆರಳುಗಳೂ ಸೇರಿ, ಕಾಣದ ಊರುಗಳ ಬೇಸಿಗೆಯನ್ನು ಸಿಂಗರಿಸಿದುವು.

ಸಂಕರಗಿಡದಿಂದ ಬೀಜ ಎತ್ತಿಟ್ಟರೆ ಮುಂದಿನ ಪೀಳಿಗೆ ಬೆರಕೆಯಾಗುತ್ತದೆ, ಪ್ರತಿವರ್ಷವೂ ಕೊಳ್ಳಬೇಕು. 1989ರಲ್ಲಿ ಜಪಾನಿನ ಸಂಟೋರಿ ಸಂಸ್ಥೆ ಹೊರತಂದ ಸರ್ಫೀನಿಯಾ ಎಂಬ ಇಳಿಬೀಳುವ ಪೆಟೂನಿಯಾ ಮತ್ತೆ ಕಡ್ಡಿಯಿಂದಲೇ ಬೆಳೆಯತಕ್ಕದ್ದು. ಆದರೆ ಕಡ್ಡಿ ಊರಿ ಮಾರುವ ಹಕ್ಕು ತಳಿಯ ಒಡೆಯರ ಕೈಯಲ್ಲಿ ನಿಂತಿತು.

ಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಅರಳಿ ನಿಂತ ನೀಳ ಸಸಿಗೆ ಮಾರುಹೋಗದೆ, ಮೊಗ್ಗಿರುವ, ಗಿಡ್ಡನೆಯ, ಬೇರು ಬಿಳಿಯಾಗಿರುವ ಸಸಿಯನ್ನು ಆರಿಸಿರಿ. ಬೆಂಗಳೂರಿನಲ್ಲಿ ಪೆಟೂನಿಯಾ ಚಳಿಗಾಲದ ಹೂ. ಅದಕ್ಕೆ ಗಾಜಿನ ಮನೆ ಬೇಡ, ಕಲ್ಲಿದ್ದಲೂ ಬೇಡ. ಹಳೆಯ ಜಿರೇನಿಯಂ ಗಿಡದ ಒಂದು ಕಡ್ಡಿಯನ್ನು ಪಕ್ಕದ ಮನೆಯವರಿಗೆ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.