ಅಜ್ಜನ ಕೋಟು ಯಾವ ಯುದ್ಧದ್ದು?

ಇವತ್ತಿನ ಎಪಿಸೋಡ್ ಒಂದು ಹಳೇ ಕೋಟಿನ ಬಗ್ಗೆ.

ಗೋಪಾಳದಲ್ಲಿ ನಮ್ಮ ಹಿಂದಿನ ರಸ್ತೆಯ ಗೆಳೆಯ ಹೋದ ತಿಂಗಳು ಅದನ್ನು ತಂದು ನಮ್ಮನೆ ಟೇಬಲ್ ಮೇಲೆ ಹಾಕಿದ. ಮಾಸಿದ ಹಸಿರು, ತಲೆ ಮುಚ್ಚುವ ಹುಡ್, ಎಷ್ಟು ಮಳೆಗಾಲ ಬೀರುವಿನಲ್ಲೇ ಕಳೆದಿತ್ತೋ, ಬೂಷ್ಟಿನ ವಾಸನೆ. ಅವನ ಅಜ್ಜ ಸೇನೆಯಲ್ಲಿದ್ದರು, ಈಗಿಲ್ಲ. ಮನೆಯವರೆಲ್ಲ ಹೇಳೋದು, ಇದು 62ರ ಚೀನಾ ಯುದ್ಧದಲ್ಲಿ ಅಜ್ಜ ತೊಟ್ಟ ಕೋಟು ಅಂತ. ಆನ್‌ಲೈನ್‌ನಲ್ಲಿ ಫೋಟೊ ನೋಡಿದ ವ್ಯಾಪಾರಿಯೊಬ್ಬ ಇನ್ನೂ ಮುಂದೆ ಹೋಗಿ, "ಎರಡನೇ ಮಹಾಯುದ್ಧದ ಜರ್ಮನ್ ಪರ್ವತ ಪಡೆಯ ಅನೊರಾಕ್ ಅಂತ ಹಾಕೋಣ, ಒಳ್ಳೇ ರೇಟ್ ಬರುತ್ತೆ" ಅಂದನಂತೆ.

ನಾನು ಬಿಕಾಂ ಓದಿದವನು. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ಕಲಿತವನು. ಕೋಟನ್ನೂ ಆಡಿಟ್ ಮಾಡಿದೆ.

ಜರ್ಮನ್ ವಾದ ಐದು ನಿಮಿಷದಲ್ಲಿ ಬಿತ್ತು. ಆ ಪಡೆಯ ಅನೊರಾಕ್‌ಗೆ ಮುಂದೆ ಪೂರ್ತಿ ತೆರೆಯೋ ಜಿಪ್ ಇಲ್ಲ, ಟೀ ಶರ್ಟ್ ಥರ ತಲೆಯಿಂದ ಇಳಿಸಿಕೊಳ್ಳಬೇಕು. ಎದೆ ಮೇಲೆ ಸಾಲಾಗಿ ಮೂರು ಜೇಬು. ಗಾಳಿಗೆ ಮೇಲೇಳದ ಹಾಗೆ ಹಿಂದಿನಿಂದ ಕಾಲುಗಳ ನಡುವೆ ತಂದು ಮುಂದೆ ಬಿಗಿಯುವ ಪಟ್ಟಿ. ತಿರುಗಿಸಿ ಹಾಕಿದರೆ ಬಿಳಿ, ಹಿಮದಲ್ಲಿ ಶತ್ರುವಿಗೆ ಕಾಣಬಾರದಲ್ಲ, ಅದಕ್ಕೆ. 1942ರ ಆಗಸ್ಟ್‌ನಲ್ಲಿ ಕಾಕಸಸ್‌ನ ಎಲ್ಬ್ರುಸ್ ಶಿಖರದ ಮೇಲೆ ಬಾವುಟ ನೆಟ್ಟವರು ಇದೇ ಪಡೆಯವರು. ಯುದ್ಧದ ಕೊನೆಯ ವರ್ಷಗಳ ಬಟ್ಟೆಗಳಲ್ಲಿ ಕಾರ್ಖಾನೆಯ ಹೆಸರಿನ ಬದಲು ಬರೀ ಒಂದು ಸಂಖ್ಯೆಯ ಮುದ್ರೆ ಇರುತ್ತೆ. ನಮ್ಮ ಕೋಟಿಗೆ ಮೇಲಿಂದ ಕೆಳಗಿನವರೆಗೂ ಜಿಪ್. ಒಳಗೂ ಹಸಿರೇ.

ಇಂಥದ್ದನ್ನು ಸಂಗ್ರಹಿಸುವವರು ಇನ್ನೊಂದು ಪರೀಕ್ಷೆ ಮಾಡ್ತಾರೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಡೋದು. ಬಟ್ಟೆಗೆ ಹೊಳಪು ಕೊಡೋ ರಾಸಾಯನಿಕಗಳು ಎಲ್ಲೆಡೆ ಬಳಕೆಗೆ ಬಂದಿದ್ದು ಆ ಯುದ್ಧದ ನಂತರ. ಹಾಗಾಗಿ ಹೊಲಿಗೆಯ ದಾರ ನೀಲಿಯಾಗಿ ಮಿಂಚಿದರೆ ಅನುಮಾನ ಪಡಬೇಕು. ನಾನು ಟಾರ್ಚ್ ಬಿಟ್ಟೆ, ಇಡೀ ಕೋಟು ಗಣಪತಿ ಪೆಂಡಾಲ್ ಥರ ಮಿಂಚಿತು! ಆಮೇಲೆ ಗೊತ್ತಾಯ್ತು, ಅಜ್ಜಿ ವರ್ಷಕ್ಕೊಂದು ಸಲ ಸೋಪಿನ ಪುಡಿಯಲ್ಲಿ ನೆನೆಸಿ ಒಗೀತಾರೆ. ಇವತ್ತಿನ ಸೋಪಿನ ಪುಡಿಯಲ್ಲೂ ಅದೇ ಹೊಳಪಿನ ರಾಸಾಯನಿಕ ಇರುತ್ತೆ. ಅಂದ್ರೆ ಅಸಲಿ ಹಳೇ ಬಟ್ಟೆಯೂ ಈ ಪರೀಕ್ಷೆಯಲ್ಲಿ ಫೇಲ್ ಆಗಬಹುದು.

ಉಳಿದಿದ್ದು 62ರ ವಾದ. ಒಳಜೇಬನ್ನು ಮಗುಚಿದಾಗ ಒಂದು ಚಿಂದಿ ಲೇಬಲ್ ಸಿಕ್ತು. ಅಕ್ಷರಗಳೆಲ್ಲ ಅಳಿಸಿಹೋಗಿದ್ದವು, ಇಸವಿ ಮಾತ್ರ ಓದುವ ಹಾಗಿತ್ತು: 1968.

ಗೆಳೆಯನ ಮುಖ ಇಳಿದುಹೋಯಿತು. "ಹಂಗಾದ್ರೆ ಅಜ್ಜ ಸುಳ್ಳು ಹೇಳಿದ್ರಾ?" ಅಂದ. ನನಗೂ ಯಾಕಾದ್ರೂ ನೋಡಿದೆನೋ ಅನ್ನಿಸಿತು.

ಇಬ್ಬರೂ ಹೋಗಿ ಅಜ್ಜಿಯನ್ನೇ ಕೇಳಿದ್ವಿ. ಅವರು ಅಕ್ಕಿ ಆರಿಸ್ತಾ ಇದ್ದರು, ತಲೆ ಎತ್ತಲಿಲ್ಲ. "ಅವ್ರು ಯಾವತ್ತು ಹಂಗಂದ್ರು? ನೀವ್ ನೀವೇ ಹೇಳ್ಕೊಂಡಿದ್ದು. ಆಗ ಅವ್ರ ಹತ್ರ ಕೋಟು ಎಲ್ಲಿತ್ತು ತಮ್ಮಾ? ಇದು ಆಮೇಲೆ ಕೊಟ್ಟಿದ್ದು."

ಅಜ್ಜಿ ಹೇಳಿದ್ದು ದಾಖಲಾದ ಇತಿಹಾಸಕ್ಕೆ ಸರಿಯಾಗಿ ಹೊಂದುತ್ತೆ. 1962ರ ಅಕ್ಟೋಬರ್ 20ರ ಬೆಳಗ್ಗೆ ತವಾಂಗ್ ಕಡೆಯ ನಾಮ್ಕಾ ಚು ನದಿ ದಂಡೆಯಲ್ಲಿ ಚೀನಾ ದಾಳಿ ಮಾಡಿದಾಗ, ಅಲ್ಲಿದ್ದ ನಮ್ಮ 7ನೇ ಬ್ರಿಗೇಡ್‌ನ ಬಹಳಷ್ಟು ಸೈನಿಕರ ಮೈಮೇಲಿದ್ದದ್ದು ಬೇಸಿಗೆಯ ಹತ್ತಿ ಸಮವಸ್ತ್ರ. ಬಯಲಿನಿಂದ ಅವಸರದಲ್ಲಿ ಮೇಲೆ ಹತ್ತಿಸಿದ್ದರು, ಚಳಿಯ ಬಟ್ಟೆ, ಹಿಮದ ಬೂಟು ಎಲ್ಲರಿಗೂ ತಲುಪಿರಲಿಲ್ಲ. ಬ್ರಿಗೇಡ್‌ನ ಮುಖ್ಯಸ್ಥ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಮುಂದೆ ಅವರು ಬರೆದ 'ಹಿಮಾಲಯನ್ ಬ್ಲಂಡರ್' ಪುಸ್ತಕದಲ್ಲಿ ಈ ಕೊರತೆಯ ಕತೆಯೆಲ್ಲ ಇದೆ. ಆ ಸೋಲಿನ ನಂತರವೇ ಸೇನೆ ಬೆಟ್ಟದ ಯುದ್ಧಕ್ಕೆ ಅಂತಲೇ ಪರ್ವತ ಡಿವಿಷನ್‌ಗಳನ್ನು ಕಟ್ಟಿತು.

ಅಜ್ಜ ಗಡಿಯ ಯಾವ ಜಾಗದಲ್ಲಿದ್ದರು ಅಂತ ಅಜ್ಜಿಗೆ ಗೊತ್ತಿಲ್ಲ. "ಚಳಿ, ಚಳಿ ಅಂತಿದ್ರು ಅಷ್ಟೆ" ಅಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಅವ್ರ ಎಡಗಾಲಿನ ಎರಡು ಬೆರಳು ಎಲ್ಲಿ ಹೋದ್ವು ಅಂತ ನೀವ್ಯಾರೂ ಕೇಳ್ಲಿಲ್ಲ. ಕೋಟು ಎಷ್ಟಕ್ಕೆ ಹೋಗುತ್ತೆ ಅಂತ ಕೇಳ್ತೀರಿ" ಅಂದರು.

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಜ್ಜ ರಿಟೈರ್ ಆದ ಮೇಲೆ ಭದ್ರಾವತಿಯಲ್ಲಿ ಕೆಲಸಕ್ಕಿದ್ದರು, ಬೆರಳು ಅಲ್ಲೇ ಮಿಷಿನ್‌ಗೆ ಸಿಕ್ಕಿದ್ದು ಅಂದುಕೊಂಡೇ ಬೆಳೆದಿದ್ದ.

ವ್ಯಾಪಾರಿಗೆ ಫೋನ್ ಮಾಡಿ ಮಾರೋದಿಲ್ಲ ಅಂತ ಹೇಳಿದ್ದಾಯ್ತು. ಕೋಟು ನುಸಿಗುಳಿಗೆ ಜೊತೆ ಮತ್ತೆ ಬೀರುವಿನಲ್ಲಿದೆ. ಗೆಳೆಯ ಈಗ ಅಜ್ಜನ ಡಿಸ್ಚಾರ್ಜ್ ಬುಕ್ ಹುಡುಕ್ತಾ ಇದ್ದಾನೆ, ಸಿಕ್ಕರೆ ಯೂನಿಟ್ ಗೊತ್ತಾಗುತ್ತೆ. ನಿಮ್ಮನೆಯಲ್ಲೂ ಇಂಥ ಕೋಟು ಇದ್ದರೆ ದಯವಿಟ್ಟು ಒಗೆಯೋಕೆ ಹಾಕಬೇಡಿ. ಮೊದಲು ಒಳಜೇಬು ಮಗುಚಿ, ಲೇಬಲ್ ಫೋಟೊ ತೆಗೆದಿಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕೇಳಿ.