ಕರ ಕಟ್ಟಿದವರು

ಹಳ್ಳಿಕಾರ್ ಹಸು ಹಾಲಿಗೆ ಹೆಸರಾದದ್ದಲ್ಲ. ಕರುವಿಗೆ ಬಿಟ್ಟು ಉಳಿದದ್ದು ಮನೆಯ ಮಜ್ಜಿಗೆಗೆ ಸಾಕಾದರೆ ಅದೇ ಹೆಚ್ಚು. ಆದರೂ ತುಮಕೂರು, ಹಾಸನ, ಮಂಡ್ಯದ ಕಡೆಯ ಹೊಲದ ರೈತರು ತಲೆಮಾರುಗಟ್ಟಲೆ ಅದನ್ನೇ ಸಾಕಿದರು. ಅವರ ಕಣ್ಣೆಲ್ಲ ಅದು ಹಾಕುವ ಹೋರಿಕರದ ಮೇಲೆ. ಹಾಲು ಬಿಟ್ಟ ಆ ಕರವನ್ನು ಕೊಂಡು, ಚಳಿಗಾಲವೆಲ್ಲ ಮೇಯಿಸಿ, ಜೋಡಿ ಕೂಡಿಸಿ ಜಾತ್ರೆಯಲ್ಲಿ ಮಾರುವವರು ನಮ್ಮ ಕುಣಿಗಲ್ ಸೀಮೆಯ ಊರೂರಲ್ಲೂ ಇದ್ದರು. ಅವರನ್ನು ಕರ ಕಟ್ಟುವವರು ಅನ್ನುತ್ತಿದ್ದೆವು. ನಮ್ಮ ತಾತ ಅವರಲ್ಲೊಬ್ಬರು.

ಮೈಸೂರು ಸೀಮೆಯ ದನದ ಚರಿತ್ರೆ ಹೇಳುವವರು ಅರಮನೆಯಿಂದಲೇ ಶುರು ಮಾಡುತ್ತಾರೆ. ಚಿಕ್ಕದೇವರಾಜ ಒಡೆಯರ (1673–1704) ಬೆಣ್ಣೆ ಚಾವಡಿ ಎಂಬ ದನದ ಹಿಂಡು, ಅದರ ಎತ್ತುಗಳನ್ನು ದಂಡಿನ ಸಾಮಾನು ಹೊರಲು, ಎಳೆಯಲು ಹೂಡಿದ ಹೈದರ್, ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಟಿಪ್ಪು. ಆ ಹಿಂಡಿಗೆ ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಮೇವಿನ ಕಾವಲುಗಳಿದ್ದವು. ಖರ್ಚು ಹೆಚ್ಚಾಯಿತೆಂದು ಬ್ರಿಟಿಷರು 1860ರಲ್ಲಿ ಹಿಂಡನ್ನು ಮಾರಿದರು. ದಂಡಿಗೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. ಇದೆಲ್ಲ ನಿಜವೇ. ಆದರೆ ರೈತನಿಗೆ ಕಾವಲೂ ಇರಲಿಲ್ಲ, ಖಜಾನೆಯೂ ಇರಲಿಲ್ಲ. ಅವನ ಹಟ್ಟಿಯಲ್ಲಿ ಈ ತಳಿ ಉಳಿದದ್ದು ಹೇಗೆ ಎಂದು ಕೇಳಿದರೆ ಅರಮನೆಯ ಕಥೆ ಉತ್ತರ ಹೇಳುವುದಿಲ್ಲ. ಕರ ಕಟ್ಟಿದವರ ಕಥೆ ಹೇಳುತ್ತದೆ.

ಈ ಕಸುಬು ನಡೆಯುತ್ತಿದ್ದದ್ದು ರಾಗಿಯ ಬೆಳೆ ಮತ್ತು ಜಾತ್ರೆಯ ತಿಥಿ ನೋಡಿಕೊಂಡು. ದೀಪಾವಳಿ ಕಳೆಯುತ್ತಲೇ ತಾತ ಹೆಗಲಿಗೆ ಟವೆಲ್ ಹಾಕಿಕೊಂಡು ಹಸು ಕಟ್ಟಿದವರ ಮನೆಗಳಿಗೆ ಹೊರಡುತ್ತಿದ್ದರು. ಮುಂಗಾರಿನ ಹಸಿರು ಮೇದ ತಾಯಿಯ ಹಾಲು ಕುಡಿದು ಕರ ಗಟ್ಟಿಯಾಗಿರುತ್ತಿತ್ತು; ಕೊಯ್ಲಿನ ಖರ್ಚು ಎದುರಿಗಿದ್ದುದರಿಂದ ಕೊಡುವವನಿಗೂ ಕೈಯಲ್ಲಿ ಕಾಸು ಬೇಕಿರುತ್ತಿತ್ತು. ಮಾರ್ಗಶಿರದಲ್ಲಿ ಕಣ ಆಗುವ ಹೊತ್ತಿಗೆ ಹೊಸ ರಾಗಿ ಹುಲ್ಲು, ಹುರುಳಿ ಹೊಟ್ಟು, ಅವರೆ ಹೊಟ್ಟು ಮನೆಗೆ ಬಂದು ಬೀಳುತ್ತಿದ್ದವು. ವರ್ಷದಲ್ಲಿ ಮೇವಿಗೆ ಕಾಸು ಬಿಚ್ಚಬೇಕಿಲ್ಲದ ಕಾಲ ಅದೊಂದೇ. ಪುಷ್ಯದಲ್ಲಿ ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಅಲ್ಲಿ ದರ ಹೇಗಿದೆ ಎಂದು ನೋಡಿಕೊಂಡು ಬಂದರೆ, ಮಾರುವುದು ಶಿವರಾತ್ರಿಗೆ ಸಿದ್ಧಗಂಗೆಯಲ್ಲಿ. ಅಲ್ಲೂ ಗಿಟ್ಟದಿದ್ದರೆ ಚೈತ್ರದ ಮಾಗಡಿ ಜಾತ್ರೆ. ಅದನ್ನೂ ದಾಟಿದರೆ ಬೇಸಗೆಯ ಮೇವು ಚಳಿಗಾಲದ ಲಾಭವನ್ನೆಲ್ಲ ನುಂಗುತ್ತಿತ್ತು.

ಲಾಭ ಹುಟ್ಟುತ್ತಿದ್ದದ್ದು ಬರೀ ಮೈ ತುಂಬಿಸುವುದರಿಂದಲ್ಲ, ಜೋಡಿಯಿಂದ. ಮಾಂಸಕ್ಕೆ ದನ ಸಾಕುವ ದೇಶಗಳಲ್ಲಿ ತೂಕಕ್ಕೆ ಬೆಲೆ. ಇಲ್ಲಿ ತಕ್ಕಡಿಯೇ ಇರಲಿಲ್ಲ. ಒಂಟಿ ಕರಕ್ಕೆ ಒಂಟಿ ಬೆಲೆ. ಅದರ ಬಣ್ಣ, ಎತ್ತರ, ನಡಿಗೆಗೆ ಸರಿಹೋಗುವ ಇನ್ನೊಂದು ಸಿಕ್ಕಿತೆಂದರೆ ಎರಡಕ್ಕೂ ಸೇರಿ ಮೂರರ ಬೆಲೆ. ಹಳ್ಳಿಕಾರಿನ ಕೊಂಬು ಬುಡದಲ್ಲಿ ಒಂದಕ್ಕೊಂದು ಹತ್ತಿರವಾಗಿ ಮೂಡಿ, ಹಿಂದಕ್ಕೆ ಹೋಗಿ ಮುಂದಕ್ಕೆ ಬಾಗುತ್ತದೆ. ಬೆರಳುದ್ದದ ಮೊಳಕೆ ನೋಡಿಯೇ ಮುಂದೆ ಅದು ಎತ್ತ ತಿರುಗೀತು ಎಂದು ಹೇಳಬೇಕು. ಆಮೇಲೆ ಮೈಮೇಲಿನ ಕೂದಲ ಸುಳಿ. ಸುಳಿ ಕೆಟ್ಟದ್ದೆಂದರೆ ಎಂಥ ಕರಕ್ಕೂ ಗಿರಾಕಿ ಇಲ್ಲ. ತಾತ ಸುಳಿಯನ್ನು ನಂಬುತ್ತಿರಲಿಲ್ಲ. ಆದರೆ ಕೊಳ್ಳುವವನು ನಂಬುತ್ತಾನೆಂದು ಬಲ್ಲವರು, ಮೊದಲು ಅದನ್ನೇ ನೋಡುತ್ತಿದ್ದರು.

ಮನೆಗೆ ತಂದ ಕರಕ್ಕೆ ಮೂಗುದಾರ ಹಾಕಿಸಿ, ಜೋಡಿಯ ಎಡಬಲ ಗೊತ್ತುಮಾಡಿ, ಹಗುರವಾದ ಕೊರಡು ಕಟ್ಟಿ ಎಳೆಸಿ ನಡೆ ಕಲಿಸುತ್ತಿದ್ದರು. ನಸುಕಿನಲ್ಲಿ ಹುರುಳಿ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ ಬಾಯಿಗೆ ತುರುಕುವುದು ಅಜ್ಜಿಯ ಪಾಲಿನ ಕೆಲಸ. ಹಿಂಡಿಗೆ ಇಷ್ಟು, ಲಾಳ ಕಟ್ಟಿದವನಿಗೆ ಇಷ್ಟು, ದಲ್ಲಾಳಿಗೆ ಇಷ್ಟು ಎಂದು ತಾತ ಲೆಕ್ಕ ಒಪ್ಪಿಸುವಾಗ ಆ ಕೂಲಿಯ ಸುದ್ದಿಯೇ ಇರುತ್ತಿರಲಿಲ್ಲ. ಕರ ಕಟ್ಟಿದ ಮನೆಗಳ ಲಾಭದಲ್ಲಿ ದೊಡ್ಡ ಪಾಲು ಹೆಂಗಸರ ಈ ಬರೆಯದ ಕೂಲಿಯೇ ಎಂದು ನನಗೆ ಈಗ ಅನ್ನಿಸುತ್ತದೆ.

ಜಾತ್ರೆಯಲ್ಲಿ ದರ ಬಾಯಲ್ಲಿ ಹೇಳುವಂತಿಲ್ಲ. ಟವೆಲ್ಲಿನ ಮರೆಯಲ್ಲಿ ದಲ್ಲಾಳಿ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ತಾತನಿಂದ ಕೊಳ್ಳುತ್ತಿದ್ದವನು ಹೆಚ್ಚಾಗಿ ಉಳುವವನಲ್ಲ, ಇನ್ನೊಬ್ಬ ಕರ ಕಟ್ಟುವವನು. ಅವನು ಎರಡು ಹಲ್ಲು ಬರುವ ತನಕ ಸಾಕಿ, ಬೀಜ ಒಡೆಸಿ, ನೊಗಕ್ಕೆ ಪಳಗಿಸಿ ಮುಂದಕ್ಕೆ ಮಾರುತ್ತಿದ್ದ. ಕೊನೆಗೆ ಆ ಜೋಡಿ ಉತ್ತರ ಕರ್ನಾಟಕದ ಎರೆಹೊಲಕ್ಕೋ, ಆಂಧ್ರಕ್ಕೋ, ತಮಿಳುನಾಡಿಗೋ ಹೋಗಿ ನೇಗಿಲು ಎಳೆಯುತ್ತಿತ್ತು. ಹೀಗೆ ಒಂದೇ ಕರ ನಾಲ್ಕಾರು ಮನೆಗಳಲ್ಲಿ ಬೆಳೆದು ಪ್ರತಿ ಮನೆಗೂ ಒಂದಿಷ್ಟು ಕಾಸು ಬಿಟ್ಟು ಹೋಗುತ್ತಿತ್ತು.

ಕಸುಬಿಗೆ ದೊಡ್ಡ ಭಯ ರೋಗದ್ದು. ನೂರು ಕಡೆಯ ದನ ಒಂದೇ ಕೆರೆಯಲ್ಲಿ ನೀರು ಕುಡಿಯುವ ಜಾತ್ರೆಯಿಂದ ಹೊಸ ಕರದ ಜೊತೆಗೇ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಹಟ್ಟಿ ಖಾಲಿಯಾಗುತ್ತಿತ್ತು. ಅದಕ್ಕೆ ಮದ್ದು ತಯಾರಿಸಲೆಂದೇ 1925ರ ಹೊತ್ತಿಗೆ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಯಿತು. ಭಾರತ ಆ ರೋಗದಿಂದ ಮುಕ್ತವೆನಿಸಿಕೊಂಡದ್ದು 2006ರಲ್ಲಿ. ಅಷ್ಟರಲ್ಲಿ ಕರ ಕಟ್ಟುವವರೇ ಕಡಿಮೆಯಾಗಿದ್ದರು.

ಅವರನ್ನು ಕಡಿಮೆ ಮಾಡಿದ್ದು ಟ್ರ್ಯಾಕ್ಟರು ಮತ್ತು ಡೇರಿ, ಎರಡೂ ಸೇರಿ. ಎರೆಹೊಲದವನು ಎತ್ತು ಬಿಟ್ಟ. ನಮ್ಮ ಕಡೆಯವನು ಸೀಮೆಹಸು ಕಟ್ಟಿ ದಿನಾ ಎರಡು ಹೊತ್ತು ಹಾಲು ಹಾಕತೊಡಗಿದ. ಹೋರಿಕರ ಕೇಳಿಕೊಂಡು ಬರುವವರಿಲ್ಲದ ಮೇಲೆ ಕಡಿಮೆ ಹಾಲಿನ ಹಸುವನ್ನು ಯಾವ ನೆಪದಲ್ಲಿ ಇಟ್ಟುಕೊಳ್ಳುವುದು? 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರಿನ ಅಂಚೆಚೀಟಿ ತಂದಾಗ ನಮ್ಮ ಬೀದಿಯ ಹಟ್ಟಿಗಳಲ್ಲಿ ಕಪ್ಪು ಬಿಳುಪಿನ ಹಸುಗಳೇ ತುಂಬಿದ್ದವು.

ಈಗ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಗಳಿಗೆ ಲಕ್ಷಗಳ ಬೆಲೆ. ಪೆಂಡಾಲು, ವಾದ್ಯ, ಮೆರವಣಿಗೆ ಎಲ್ಲ ಇದೆ. ಶೋಕಿಗಾಗಿ ಸಾಕುವವರನ್ನು ನಾನು ಹೀಗಳೆಯುವುದಿಲ್ಲ; ಅವರೂ ಕಾಸು ಕೊಟ್ಟೇ ಕೊಳ್ಳುತ್ತಾರೆ. ಆದರೆ ಅವರಿಗೆ ಬೇಕಾದದ್ದು ನೂರರಲ್ಲಿ ಒಂದು ಕರ. ತಾತನಂಥವರು ಉಳಿದ ತೊಂಬತ್ತೊಂಬತ್ತಕ್ಕೂ ಬೆಲೆ ಕಟ್ಟುತ್ತಿದ್ದರು. ಸುಮಾರಾದದ್ದಕ್ಕೂ ಸುಮಾರಾದ ಜೊತೆ ಹುಡುಕುತ್ತಿದ್ದರು. ತಳಿ ನಿಂತದ್ದು ಆ ಸುಮಾರು ಕರಗಳ ಮೇಲೆ. ತಳಿ ಉಳಿಸುವ ಸಭೆಗಳಲ್ಲಿ ಬೀಜದ ಹೋರಿಯ ಮಾತು ಎಷ್ಟು ನಡೆದರೂ, ಸಾಧಾರಣ ಹೋರಿಕರವನ್ನು ದೀಪಾವಳಿಯಲ್ಲಿ ಬಂದು ಕೊಳ್ಳುವವನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ಹಸು ಕಟ್ಟಿದವನ ಮನೆಯ ಲೆಕ್ಕ ಸರಿಹೋಗುವುದಿಲ್ಲ.